ಲಿಸ್ಬನ್: ಏಳು ಗುಡ್ಡಗಳ ಊರನ್ನು ಮಂಡಿ ನೋಯಿಸಿಕೊಳ್ಳದೆ ನೋಡಲು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಫೋನಿನ ಮ್ಯಾಪು ನೋಡಿ ದೂರ ಅಳೆಯಬೇಡಿ. ರೊಸಿಯು ಚೌಕದಿಂದ ಸಾವ್ ಜಾರ್ಜ್ ಕೋಟೆಗೆ ನೇರ ಗೆರೆ ಎಳೆದರೆ ಅರ್ಧ ಕಿಲೋಮೀಟರು. ಆದರೆ ಕೋಟೆ ಇರುವುದು ತೇಜು ನದಿಯ ಮಟ್ಟದಿಂದ ನೂರು ಮೀಟರಿಗೂ ಮೇಲೆ. ಆ ಅರ್ಧ ಕಿಲೋಮೀಟರನ್ನು ಮಧ್ಯಾಹ್ನದ ಬಿಸಿಲಲ್ಲಿ ಏರಿದವರು ಅಂದಿನ ಮಿಕ್ಕ ದಿನವನ್ನು ಹೋಟೆಲ್ ರೂಮಿನಲ್ಲಿ ಕಳೆಯುತ್ತಾರೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಂತೂ ಊರನ್ನು ದೂರದಿಂದಲ್ಲ, ಎತ್ತರದಿಂದ ಲೆಕ್ಕ ಹಾಕಬೇಕು.

ಎತ್ತರದ ಸುಳಿವು ಬೀದಿಯ ಹೆಸರಿನಲ್ಲೇ ಇರುತ್ತದೆ. 'ರುಆ' ಎಂದರೆ ಮಾಮೂಲಿ ಬೀದಿ. 'ಕಾಲ್ಸಾದಾ' ಎಂದಿದ್ದರೆ ಕಲ್ಲು ಹಾಸಿದ ಕಡಿದಾದ ಏರು ಎಂದೇ ತಿಳಿಯಿರಿ. 'ಎಶ್ಕಾದಿನ್ಯಾಶ್' ಎಂದರೆ ಮೆಟ್ಟಿಲುಗಳು, ಅಲ್ಲಿ ಗಾಲಿಯ ಸೂಟ್‌ಕೇಸು ನಡೆಯುವುದಿಲ್ಲ. 'ಬೆಕು' ಎಂಬುದು ಸಂದಿ, ಎಷ್ಟೋ ಸಲ ಮುಂದೆ ದಾರಿಯೇ ಇರುವುದಿಲ್ಲ. ರೂಮು ಬುಕ್ ಮಾಡುವ ಮುಂಚೆ ವಿಳಾಸದಲ್ಲಿ ಈ ಪದಗಳಿವೆಯೇ ಎಂದು ನೋಡಿಕೊಂಡರೆ ಅರ್ಧ ಕಷ್ಟ ತಪ್ಪಿದಂತೆ.

ಉಳಿಯಲು ಬೈಶಾ ಬಡಾವಣೆ ವಾಸಿ. ಎರಡು ಗುಡ್ಡಗಳ ನಡುವಿನ ಸಪಾಟು ಜಾಗ ಅದು. 1755ರ ನವೆಂಬರ್ 1ರ ಬೆಳಗ್ಗೆ ಭೂಕಂಪ, ಅದರ ಹಿಂದೆಯೇ ಸುನಾಮಿ, ಬೆಂಕಿ ಬಂದು ಈ ಭಾಗ ನೆಲಸಮವಾಯಿತು. ಆಮೇಲೆ ರಾಜನ ಮಂತ್ರಿಯಾಗಿದ್ದ ಪೊಂಬಾಲ್‌ನ ಮಾರ್ಕ್ವಿಸ್ ಇಲ್ಲಿ ಚದುರಂಗದ ಮನೆಗಳ ಹಾಗೆ ನೇರ ಬೀದಿಗಳನ್ನು ಹಾಕಿಸಿದ. ಕೋಟೆ ಗುಡ್ಡದ ಇಳಿಜಾರಿನಲ್ಲಿ, ಗಟ್ಟಿ ಬಂಡೆಯ ಮೇಲಿದ್ದ ಆಲ್ಫಾಮ ಬಡಾವಣೆ ಹೆಚ್ಚಾಗಿ ಉಳಿದುಕೊಂಡಿತು. ಅದಕ್ಕೇ ಅಲ್ಲಿ ಇಂದಿಗೂ ಹಳೆಯ ಸಂದಿಗೊಂದಿ. ಆಲ್ಫಾಮದಲ್ಲಿ ಉಳಿಯುವುದು ಫೋಟೋಕ್ಕೆ ಚೆಂದ, ಲಗೇಜಿಗೆ ಶಿಕ್ಷೆ: ಅಲ್ಲಿನ ಬಹುಪಾಲು ಸಂದಿಗಳಿಗೆ ಟ್ಯಾಕ್ಸಿ ಹೋಗುವುದಿಲ್ಲ. ಬೈಶಾದಲ್ಲೂ ಒಂದು ಮಾತು ಕೇಳಿಯೇ ದುಡ್ಡು ಕಟ್ಟಿ: ಲಿಫ್ಟ್ ಇದೆಯೇ? ಹಳೆಯ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಕಿರಿದಾದ ಮರದ ಮೆಟ್ಟಿಲಷ್ಟೇ ಇರುವುದುಂಟು.

ವಿಮಾನ ನಿಲ್ದಾಣದಿಂದ ಮೆಟ್ರೋದ ಕೆಂಪು ಲೈನ್ ಹಿಡಿದು ಆಲಮೇದಾದಲ್ಲಿ ಹಸಿರು ಲೈನಿಗೆ ಬದಲಿಸಿದರೆ ರೊಸಿಯು, ಅದರ ಮುಂದಿನದೇ ಬೈಶಾ-ಶಿಯಾದು. ಮೆಶಿನ್ನಿನಲ್ಲಿ 'ನಾವೆಗಾಂತ್' ಕಾರ್ಡು ಕೊಳ್ಳಬೇಕು, ಅರ್ಧ ಯೂರೊ. ತಲೆಗೊಂದು ಕಾರ್ಡು ಬೇಕು, ಒಂದನ್ನೇ ಇಬ್ಬರು ಉಜ್ಜಿದರೆ ನಡೆಯುವುದಿಲ್ಲ. ಅದಕ್ಕೆ ದುಡ್ಡು ತುಂಬಿ ಸವಾರಿಗಿಷ್ಟು ಎಂದು ಕಳೆಯಬಹುದು, ಇಲ್ಲವೇ 24 ಗಂಟೆಯ ಪಾಸು ಹಾಕಿಸಬಹುದು. ಪಾಸಿಗೆ ಸುಮಾರು 7 ಯೂರೊ. ಒಂದೇ ಕಾರ್ಡಿನಲ್ಲಿ ಎರಡನ್ನೂ ಬೆರೆಸಲಾಗದು. ಪಾಸಿನ ಲೆಕ್ಕ ಶುರುವಾಗುವುದು ಮೊದಲ ಸಲ ಉಜ್ಜಿದ ಗಳಿಗೆಯಿಂದ. ಹನ್ನೊಂದು ಗಂಟೆಗೆ ಶುರುಮಾಡಿದರೆ ಮಾರನೆಯ ಬೆಳಗಿನ ಓಡಾಟವೂ ಅದರಲ್ಲೇ ಮುಗಿಯುತ್ತದೆ.

ಈಗ ಏರುವ ವಿಷಯ. ಊರಿನವರು ಬಳಸುವ, ಪ್ರವಾಸಿಗರು ಗಮನಿಸದ ಪುಕ್ಕಟೆ ದಾರಿಗಳಿವೆ. ಬೈಶಾದ ರುಆ ದುಶ್ ಫಾಂಕೈರುಶ್ ಬೀದಿಯಲ್ಲಿ 170ರಿಂದ 178ನೇ ನಂಬರಿನ ಕಟ್ಟಡದೊಳಗೆ ಒಂದು ಸಾರ್ವಜನಿಕ ಲಿಫ್ಟ್ ಇದೆ. ಹೊರಗಿನಿಂದ ಮಾಮೂಲಿ ಮನೆಯ ಬಾಗಿಲಿನಂತೆ ಕಾಣುವುದರಿಂದ ಜನ ಅದರ ಮುಂದೆಯೇ ಹಾದುಹೋಗುತ್ತಾರೆ. ಅದು ನಿಮ್ಮನ್ನು ರುಆ ದಾ ಮದಲೇನಾಗೆ ಎತ್ತಿಬಿಡುತ್ತದೆ. ಅಲ್ಲಿಂದ ರಸ್ತೆ ದಾಟಿ ತುಸು ಮೇಲೆ ನಡೆದರೆ ಶಾವ್ ದು ಲೋರೈರು ಚೌಕದಲ್ಲಿ ಸೂಪರ್‌ಮಾರ್ಕೆಟ್ ಇರುವ ಕಟ್ಟಡ. ಅದರ ಲಿಫ್ಟಿನಲ್ಲಿ ಮೇಲಿನ ಮಟ್ಟಕ್ಕೆ ಹೋದರೆ ಕೋಟೆಯ ಕೆಳಗಿನ ರಸ್ತೆ ಸಿಗುತ್ತದೆ. ಕೋಟೆ ಬಾಗಿಲಿಗೆ ಇನ್ನೂ ಒಂದಿಷ್ಟು ಏರು ಉಳಿದಿರುತ್ತದೆ. ಅದೂ ಬೇಡವೆಂದರೆ ಫಿಗೈರಾ ಚೌಕದಿಂದ 737 ನಂಬರಿನ ಪುಟ್ಟ ಬಸ್ಸು ಕೋಟೆಯ ತನಕ ಹೋಗುತ್ತದೆ. ಎದುರು ಗುಡ್ಡದ ಶಿಯಾದುಗೆ ಬೈಶಾ-ಶಿಯಾದು ಮೆಟ್ರೋ ನಿಲ್ದಾಣದೊಳಗಿನ ಎಸ್ಕಲೇಟರುಗಳೇ ಸಾಕು: ಒಂದು ಬಾಗಿಲು ತಗ್ಗಿನಲ್ಲಿ, ಇನ್ನೊಂದು ಗುಡ್ಡದ ಮೇಲೆ.

ಸಾಂತಾ ಜುಶ್ತಾ ಲಿಫ್ಟ್ 1902ರ ಕಬ್ಬಿಣದ ಗೋಪುರ, 45 ಮೀಟರು. ನೋಡಲು ಸೊಗಸು, ಕ್ಯೂ ಮಾತ್ರ ತಿರುಪತಿಯದು. ಶಿಯಾದುವಿನಿಂದ ನಡೆದು ಕಾರ್ಮು ಚೌಕಕ್ಕೆ ಬಂದರೆ ಅದರ ಮೇಲ್ತುದಿಯ ಸೇತುವೆಗೇ ಬಂದಿರುತ್ತೀರಿ. ಪಕ್ಕದಲ್ಲೇ ಭೂಕಂಪದಲ್ಲಿ ಸೂರು ಕುಸಿದ ಕಾರ್ಮು ಮಠವಿದೆ. ಕಮಾನುಗಳ ಮೇಲೆ ಆಕಾಶವೇ ಚಾವಣಿ. ದಯವಿಟ್ಟು ಇದನ್ನು ಬಿಡಬೇಡಿ. ಇಳಿಜಾರಿನ ಹಳಿಬಂಡಿಗಳ ಮೇಲೆ ಪ್ಲಾನ್ ಕಟ್ಟಬೇಡಿ. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಹಳಿಬಂಡಿಯ ಅಪಘಾತದಲ್ಲಿ 16 ಜನ ಸತ್ತರು, ಬಳಿಕ ಉಳಿದವನ್ನೂ ನಿಲ್ಲಿಸಿದರು. ಯಾವುದು ಓಡುತ್ತಿದೆ ಎಂದು ಅಂದಂದೇ ವಿಚಾರಿಸಿ.

28ನೇ ಟ್ರಾಮು ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಹಳದಿ ಬಣ್ಣದ ಒಂಟಿ ಡಬ್ಬಿ, ಮರದ ಒಳಮೈ, ಇಪ್ಪತ್ತರಷ್ಟು ಸೀಟು. ಇಷ್ಟು ಕಡಿದಾದ ಏರು, ಇಷ್ಟು ಬಿಗಿ ತಿರುವುಗಳಲ್ಲಿ ಹೊಸ ಉದ್ದದ ಟ್ರಾಮುಗಳು ಹೊರಳಲಾರವು, ಅದಕ್ಕೇ 1930ರ ದಶಕದ ಮಾದರಿ ಇನ್ನೂ ಓಡುತ್ತಿದೆ. ಮಾರ್ತಿಂ ಮುನೀಜ್‌ನಲ್ಲಿ ಹತ್ತಲು ಹೋದರೆ ಒಂದು ಗಂಟೆ ನಿಂತರೂ ಆಶ್ಚರ್ಯವಿಲ್ಲ. ಎಂಟು ಗಂಟೆಯೊಳಗೆ ಇನ್ನೊಂದು ತುದಿ ಕಾಂಪು ದ ಓರೀಕ್‌ನಿಂದ ಹತ್ತಿದರೆ ಕಿಟಕಿ ಸೀಟು ಸಿಗುವ ಸಂಭವ ಹೆಚ್ಚು. ಆಲ್ಫಾಮದ ಕಿರುಬೀದಿಯಲ್ಲಿ ಯಾರೋ ಹಳಿಗೆ ತಾಗುವಂತೆ ಕಾರು ನಿಲ್ಲಿಸಿದರೆಂದರೆ ಮುಗಿಯಿತು, ಹಿಂದಿನ ಟ್ರಾಮುಗಳೆಲ್ಲ ಸಾಲುಗಟ್ಟುತ್ತವೆ. ಪಕ್ಕಕ್ಕೆ ಸರಿಯುವ ಬಸ್ಸಲ್ಲವಲ್ಲ. ಹಾಗಾದಾಗ ಇಳಿದು ನಡೆಯುವುದೇ ಲೇಸು. ಜೇಬುಗಳ್ಳರಿಗೂ ಈ ಟ್ರಾಮೇ ಪ್ರೀತಿ, ಬ್ಯಾಗು ಎದೆಯ ಮೇಲಿರಲಿ. ಟ್ರಾಮಿನ ಅನುಭವವಷ್ಟೇ ಸಾಕೆನ್ನುವವರಿಗೆ ಸಣ್ಣ ಸುತ್ತಿನ 12ನೇ ನಂಬರು ಇದೆ.

'ಏರುವಾಗ ಗಾಡಿ, ಇಳಿಯುವಾಗ ಕಾಲ್ನಡಿಗೆ' ಎಂಬ ಸಲಹೆ ಎಲ್ಲ ಕಡೆ ಕೇಳುತ್ತೀರಿ. ಎದೆಯುಸಿರಿಗೆ ಅದು ಸರಿ, ಮಂಡಿಗಲ್ಲ. ಮಂಡಿ ನೋವಿದ್ದವರಿಗೆ ಇಳಿಯುವುದೇ ಹೆಚ್ಚು ಕಷ್ಟ. ಅದರ ಮೇಲೆ ಇಲ್ಲಿನ ಕಾಲುದಾರಿಗೆ ಹಾಸಿರುವುದು ಸಣ್ಣ ಸಣ್ಣ ಸುಣ್ಣಕಲ್ಲಿನ ತುಂಡು; ಲಕ್ಷಾಂತರ ಚಪ್ಪಲಿ ತಿಕ್ಕಿ ತಿಕ್ಕಿ ನಯವಾಗಿದೆ. ಮಳೆ ಬಿದ್ದರೆ ಸಾಬೂನು ಸವರಿದಂತೆ. ರಬ್ಬರ್ ಅಡಿಯ, ಗೆರೆ ಸವೆಯದ ಶೂ ಬೇಕೇ ಬೇಕು. ಮಂಡಿ ನೋವಿನವರು ಆಲ್ಫಾಮದ ಮೇಲ್ಭಾಗದ ಪೋರ್ತಾಶ್ ದು ಸೋಲ್ ಎಂಬ ನೋಟದ ಕಟ್ಟೆಯಲ್ಲಿ ನದಿ ನೋಡುತ್ತ ಅರ್ಧ ಗಂಟೆ ಕೂತು, ಟ್ರಾಮಿನಲ್ಲೇ ಕೆಳಗಿಳಿಯಲಿ. ಗಟ್ಟಿ ಕಾಲಿನವರು ಅಲ್ಲಿಂದ ಆಲ್ಫಾಮದ ಮೆಟ್ಟಿಲುಗಳಲ್ಲಿ ನದಿಯ ಕಡೆಗೆ ಇಳಿಯಬಹುದು. ದಾರಿ ತಪ್ಪಿದರೂ ಇಳಿಜಾರು ಹಿಡಿದರೆ ನದಿಗೇ ತಲುಪುತ್ತೀರಿ.

ದಿನಕ್ಕೊಂದೇ ಗುಡ್ಡ ಇಟ್ಟುಕೊಳ್ಳಿ. ಎರಡು ದಿನ ಏರಿಳಿದ ಮೇಲೆ ಮೂರನೆಯ ದಿನ ಬೆಲೆಂ: ನದಿ ದಂಡೆಯ ಸಪಾಟು, 15ನೇ ಟ್ರಾಮು. ಜೆರೋನಿಮುಶ್ ಮಠದ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿಯಿದೆ. ಮಠಕ್ಕೆ ಸೋಮವಾರ ರಜ. ಕಾಲ ಏಪ್ರಿಲ್‌ನಿಂದ ಜೂನ್ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬಕ್ಕೆ ಆಲ್ಫಾಮದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಊಟದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. 'ಕಾಲ್ದು ವೆರ್ದ್' ಎಂಬ ಹಸಿರು ಸೂಪಿನಲ್ಲಿ ಹಂದಿಮಾಂಸದ ಸಾಸೇಜಿನ ಚೂರಿರುತ್ತದೆ. ಹೆಸರಾಂತ 'ನಾತಾ' ಸಿಹಿಯಲ್ಲಿ ಮೊಟ್ಟೆ. 'ಸೆಂ ಕಾರ್ನ್, ಸೆಂ ಪೈಶ್' ಎಂದರೆ ಮಾಂಸ ಬೇಡ, ಮೀನು ಬೇಡ. ಮೆನುವಿನ 'ಬತಾತಾ' ನಮ್ಮ ಬಟಾಟೆಯೇ, 'ಅನನಾಶ್' ಅನಾನಸೇ. ಪೋರ್ಚುಗೀಸರಿಂದ ಬಂದ ಪದಗಳು, ಕರಾವಳಿಯವರಿಗೆ ಇಂಥವು ಇನ್ನೂ ಸಿಗುತ್ತವೆ. ಕೇಳದೆಯೇ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್ ಕಾಯಿ ಪುಕ್ಕಟೆಯಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಆಗಲೇ ವಾಪಸು ಕಳಿಸಿ. ಅನ್ನ-ಸಾರು ನೆನಪಾದರೆ ಮಾರ್ತಿಂ ಮುನೀಜ್ ಸುತ್ತಿನ ಅಂಗಡಿಗಳಲ್ಲಿ ಬೇಳೆ, ಅಕ್ಕಿ, ಉಪ್ಪಿನಕಾಯಿ ಎಲ್ಲ ಸಿಗುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಳ್ಳಿ. ಹಾಲಿನ ಕಾಫಿ ಬೇಕಾದವರು 'ಮೇಯಾ ದ ಲೈತ್' ಎಂದು ಕೇಳಿ. ಬರೀ 'ಕಾಫಿ' ಎಂದರೆ ಎರಡು ಗುಟುಕಿನ ಕಪ್ಪು ಡಿಕಾಕ್ಷನ್ ಬರುತ್ತದೆ.