ಅದೇ ಪೇಷಂಟು ಮತ್ತೆ ಬರ್ತಾರಾ?

ಅಕ್ಕನ ಮಿಸ್ಡ್ ಕಾಲ್ 6 ಇತ್ತು. ಎರಡನೇ ಶಿಫ್ಟ್ ಪೇಷಂಟ್‌ಗಳನ್ನ ಡಯಾಲಿಸಿಸ್ ಮೆಷಿನ್‌ಗೆ ಹಾಕೋ ಟೈಮು, ಕೈಯಲ್ಲಿ ಗ್ಲೌಸು, ಫೋನ್ ಲಾಕರ್‌ನಲ್ಲಿ. ಎಲ್ಲಾ ಮುಗ್ಸಿ ಹೆದರ್ಕೊಂಡೇ ವಾಪಸ್ ಮಾಡಿದ್ರೆ ವಿಷ್ಯ ಇಷ್ಟೇ, ಮಗಳಿಗೆ ನೀಟ್‌ನಲ್ಲಿ ಸೀಟ್ ಸಿಗೋವಷ್ಟು ಮಾರ್ಕ್ಸ್ ಬಂದಿಲ್ಲ, ಇನ್ನೊಂದು ವರ್ಷ ಲಾಂಗ್ ಟರ್ಮ್ ಕೂರಲ್ಲ ಅಂತ ಅವಳೇ ಖಡಾಖಂಡಿತವಾಗಿ ಹೇಳ್ಬಿಟ್ಟಿದಾಳೆ. "ಪ್ಯಾರಾಮೆಡಿಕಲ್‌ಗೆ ಹಾಕೋಣ ಅಂತಿದೀವಿ ಕಣೋ, ನೀನೇ ಅದ್ರಲ್ಲಿ ಇದೀಯಲ್ಲ, ಯಾವ್ದು ಒಳ್ಳೇದು ಒಂದು ಹೇಳ್ಬಿಡು."

ಹೇಳ್ಬಿಡು ಅಂತೆ. ಯಾವ ಕಲರ್ ಸೀರೆ ತಗೊಳ್ಲಿ ಅಂತ ಕೇಳೋ ಹಾಗೆ. ಫೋನಲ್ಲಿ ಆಗೋ ಮಾತಲ್ಲ ಇದು, ಭಾನುವಾರ ಬರ್ತೀನಿ ಅಂತ ಹೇಳಿ ಬೆಳಗ್ಗೆ ಟ್ರೇನ್ ಹತ್ತಿ ಅರಸೀಕೆರೆಗೆ ಹೋದೆ.

ಹುಡುಗಿ ನನಗಿಂತ ಹುಷಾರು. ಲಾಂಗ್ ನೋಟ್‌ಬುಕ್‌ನಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿ ಟೇಬಲ್ ಮಾಡ್ಕೊಂಡು ಕೂತಿದ್ಲು. ಎಡಗಡೆ ಕೋರ್ಸ್ ಹೆಸರು, ಆಮೇಲೆ ಎಷ್ಟು ವರ್ಷ, ಫೀಸ್ ಎಷ್ಟು, ಸಂಬಳ ಎಷ್ಟು, ಕೊನೇಲಿ "ಸ್ಕೋಪ್". ಈ ಸ್ಕೋಪ್ ಅನ್ನೋ ಪದ ಯಾರು ಕಂಡುಹಿಡಿದ್ರೋ ಗೊತ್ತಿಲ್ಲ, ನಾನು ಸೇರೋವಾಗಲೂ ಇದೇ ಪದ, ಅಪ್ಪ ಕೇಳಿದ್ದು, ಚಿಕ್ಕಪ್ಪ ಕೇಳಿದ್ದು, ಪಕ್ಕದ ಮನೆ ಮೇಷ್ಟ್ರು ಕೇಳಿದ್ದು. ಸ್ಕೋಪ್ ಕಾಲಂನಲ್ಲಿ ಎಲ್ಲದಕ್ಕೂ "ಗುಡ್" ಅಂತ ಬರೆದಿದ್ಲು. ಕಾಲೇಜುಗಳ ಬ್ರೋಷರ್‌ನಲ್ಲಿ ಬೇರೆ ಏನ್ ತಾನೇ ಬರೆದಿರ್ತಾರೆ.

ಒಂದು ಸಾಲಲ್ಲಿ ಬರೀ "ಓಟಿ" ಅಂತಿತ್ತು. ಯಾವ ಓಟಿ ಅಂದೆ. ಆಪರೇಷನ್ ಥಿಯೇಟರ್ ಮಾಮ ಅಂದ್ಲು, ಆದ್ರೆ ಮುಂದೆ ಬರೆದಿದ್ದ ವಿವರ ಪೂರ್ತಿ ಆಕ್ಯುಪೇಷನಲ್ ಥೆರಪಿದು. ಎರಡಕ್ಕೂ ಒಂದೇ ಶಾರ್ಟ್ ನೇಮ್, ಕೆಲಸ ಮಾತ್ರ ಆಕಾಶ ಭೂಮಿ. ಒಂದ್ರಲ್ಲಿ ಅನಸ್ತೇಷಿಯಾ ಮೆಷಿನ್ ಚೆಕ್ ಮಾಡಿ, ಡ್ರಗ್ಸ್, ಟ್ಯೂಬು ಎಲ್ಲಾ ರೆಡಿ ಮಾಡಿ ಕೊಡ್ಬೇಕು, ಪೇಷಂಟ್ ನಿದ್ದೇಲಿರ್ತಾರೆ, ನಿನ್ನ ಮುಖ ಕೂಡ ನೆನಪಿರಲ್ಲ ಅವರಿಗೆ. ಇನ್ನೊಂದ್ರಲ್ಲಿ ಸ್ಟ್ರೋಕ್ ಆದೋರಿಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋದನ್ನ, ಆಟಿಸಂ ಇರೋ ಮಗುಗೆ ತಟ್ಟೇಲಿ ಕೈ ಇಟ್ಟು ಊಟ ಮಾಡೋದನ್ನ ತಿಂಗಳುಗಟ್ಟಲೆ ಕೂತು ಕಲಿಸ್ಬೇಕು. ತಪ್ಪು ಓಟಿಗೆ ಸೇರಿಬಿಟ್ರೆ ಕಥೆ ಮುಗೀತು.

ಅಲ್ಲೇ ಪೆನ್ ಇಸ್ಕೊಂಡು ಸ್ಕೋಪ್ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಮೇಲೆ ಬರೆದೆ, "ಅದೇ ಪೇಷಂಟು ಮತ್ತೆ ಬರ್ತಾರಾ?" ಅವಳು ನಕ್ಕಳು. ಅಕ್ಕ ಕಾಫಿ ತಂದಿಟ್ಟು, ಇದೇನೋ ಇದು, ಅಂಗಡಿ ವ್ಯಾಪಾರನಾ ಅಂದ್ಲು.

ನಂಗೆ ಈ ಪ್ರಶ್ನೆ ಯಾರೂ ಕೇಳಿರ್ಲಿಲ್ಲ. ನಾನು ಡಯಾಲಿಸಿಸ್ ಆರಿಸ್ಕೊಂಡು ಬಂದೋನಲ್ಲ, ಎಕ್ಸ್‌ರೇ, ಎಂಆರ್‌ಐ ತೆಗೆಯೋ ಇಮೇಜಿಂಗ್ ಕೇಳಿಕೊಂಡು ಹೋಗಿದ್ದೆ, ಆ ಸೀಟ್ ಮುಗೀತು ಡಯಾಲಿಸಿಸ್ ಇದೆ ಅಂದ್ರು, ಅಪ್ಪ ದುಡ್ಡು ಕಟ್ಟಿಬಿಟ್ರು. ಮೊದಲನೇ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋ, ಹೆಚ್ಚುಕಮ್ಮಿ ಎಲ್ಲಾ ಬ್ರಾಂಚಿಗೂ ಒಂದೇ ಪಾಠ, ಒಂದೇ ಕ್ಲಾಸಲ್ಲಿ ಕೂರ್ತಿದ್ವಿ. ಹಾಗಾಗಿ ವ್ಯತ್ಯಾಸ ಏನು ಅಂತ ಗೊತ್ತಾಗೋದೇ ಎರಡನೇ ವರ್ಷದಲ್ಲಿ, ಅಷ್ಟೊತ್ತಿಗೆ ಬ್ರಾಂಚ್ ಬದಲಾಯಿಸೋ ಮಾತೇ ಇಲ್ಲ.

ಡಯಾಲಿಸಿಸ್ ಅಂದ್ರೆ ಕೆಟ್ಟ ಕಿಡ್ನಿ ಬದಲು ಮೆಷಿನ್ ರಕ್ತ ಸೋಸೋದು, ವಾರಕ್ಕೆ 2 ಅಥವಾ 3 ಸಲ, ಒಂದೊಂದು ಸಲ 4 ಗಂಟೆ. ಮೆಷಿನ್‌ನಲ್ಲಿ ರಕ್ತದ ಪಕ್ಕ ಹರಿಯೋ ದ್ರಾವಣ ಸಾಮಾನ್ಯವಾಗಿ ನಿಮಿಷಕ್ಕೆ 500 ಎಂಎಲ್, ಲೆಕ್ಕ ಹಾಕಿದ್ರೆ ಒಬ್ಬರಿಗೆ ಒಂದ್ ಸಲಕ್ಕೆ 120 ಲೀಟರ್. ಆ ನೀರು ಕೆಟ್ರೆ ಪೇಷಂಟ್ ಕೆಟ್ಟ ಹಾಗೆ, ಅದಕ್ಕೆ ನನ್ನ ಅರ್ಧ ತಲೆ ಯಾವಾಗಲೂ ಆರ್‌ಓ ಪ್ಲಾಂಟ್ ರೂಮಲ್ಲೇ ಇರುತ್ತೆ. ಕಿಡ್ನಿ ಬಗ್ಗೆ ಓದ್ತೀನಿ ಅಂದ್ಕೊಂಡು ಬಂದೋನು ನೀರಿನ ಬಗ್ಗೆ ಓದಿದ್ದೇ ಜಾಸ್ತಿ. ಇನ್ನರ್ಧ ತಲೆ ಜನರ ಹತ್ರ. ಸೂಜಿ ಹಾಕೋಕೆ ಅಂತ ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿರೋ ಫಿಸ್ಟುಲಾ ಮೇಲೆ ಬೆರಳಿಟ್ರೆ ಒಳಗೆ ಜುಂ ಅನ್ನುತ್ತೆ, ಅದು ಸಿಕ್ಕಿದ್ರೆ ನೆಮ್ಮದಿ, ಸಿಗದಿದ್ರೆ ಓಡೋಡಿ ಡಾಕ್ಟರ್ ಹತ್ರ. ನಮ್ಮಲ್ಲಿ ಒಬ್ರು ರಿಟೈರ್ಡ್ ಕಂಡಕ್ಟರ್ ಇದ್ರು, ಸೋಮವಾರ ಗುರುವಾರ ಬರ್ತಿದ್ರು, ಏಳು ವರ್ಷ. ನಾನು ಸೂಜಿ ಹಾಕೋ ರೀತೀಲೇ "ರಾತ್ರಿ ನಿದ್ದೆ ಮಾಡಿಲ್ವೇನಪ್ಪಾ" ಅಂತ ಕಂಡುಹಿಡಿಯೋರು. ನನ್ನ ಮದುವೆಗೆ ಬಂದು ಆರತಿ ತಟ್ಟೆಗೆ ದುಡ್ಡು ಹಾಕಿ ಹೋದ್ರು. ಅವರು ಹೋದ ಮೇಲೆ ಆ ಬೆಡ್‌ಗೆ ಬೇರೆಯವರು ಬಂದ್ರು, ನಾನು ಎರಡು ವಾರ ಆ ಬೆಡ್‌ನ ಕೆಲಸನ ಇನ್ನೊಬ್ಬನಿಗೆ ವಹಿಸ್ತಿದ್ದೆ. ಇದನ್ನ ಯಾವ ಕಾಲಂನಲ್ಲಿ ಬರೀಬೇಕು ಹೇಳಿ.

ಸರಿ, ಒಂದೊಂದೇ ಸಾಲು ತಗೊಂಡ್ವಿ. ಆಪ್ಟೋಮೆಟ್ರಿ ಬೇಗ ಮುಗೀತು, ಪೇಷಂಟ್ ವರ್ಷಕ್ಕೊಂದ್ಸಲ ಕನ್ನಡಕದ ನಂಬರ್ ಬದಲಾದಾಗ ಬರ್ತಾರೆ, ಶಾಂತವಾದ ಕೆಲಸ, ಮುಂದೆ ಸ್ವಂತ ಅಂಗಡಿನೂ ಇಡಬಹುದು. ಲ್ಯಾಬ್‌ನಲ್ಲಿ ಪೇಷಂಟ್ ಬರಲ್ಲ, ಟ್ಯೂಬ್ ಬರುತ್ತೆ, ಜನರ ಜೊತೆ ಮಾತು ಬೇಡ ಅನ್ನೋರಿಗೆ ಅದು ಸ್ವರ್ಗ ಅಂತ ನನ್ನ ಕ್ಲಾಸ್‌ಮೇಟ್ ಹೇಳ್ತಾನೆ. ಪರ್ಫ್ಯೂಷನ್ ಅಂದ್ರೆ ಓಪನ್ ಹಾರ್ಟ್ ಟೈಮಲ್ಲಿ ಹೃದಯ ನಿಲ್ಲಿಸಿದಾಗ ಹಾರ್ಟ್ ಲಂಗ್ ಮೆಷಿನ್ ನಡೆಸೋರು, ಕೇಳೋಕೆ ಮೈ ಜುಂ ಅನ್ನುತ್ತೆ, ಆದ್ರೆ ಹಾರ್ಟ್ ಸರ್ಜರಿ ಆಗೋ ಊರಲ್ಲಿ ಮಾತ್ರ ಕೆಲಸ, ಅರಸೀಕೆರೆಗೆ ವಾಪಸ್ ಬರೋ ಆಸೆ ಇದ್ರೆ ಮರೆತುಬಿಡು ಅಂದೆ.

ಫಿಸಿಯೋಥೆರಪಿ ಬಂದಾಗ ಅಕ್ಕನ ಕಿವಿ ನೆಟ್ಟಗಾಯ್ತು. "ಅದಕ್ಕೆ ಡಾಕ್ಟರ್ ಅಂತ ಬರುತ್ತಂತಲ್ಲ?" ಬಂತು ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಇದೇ ವಿಷ್ಯಕ್ಕೆ ಕೇಂದ್ರದ ಆರೋಗ್ಯ ಸೇವೆಗಳ ಡೈರೆಕ್ಟರೇಟ್ ಫಿಸಿಯೋದವರು ಡಾ. ಹಾಕ್ಕೋಬಾರ್ದು ಅಂತ ಒಂದು ಲೆಟರ್ ಬಿಟ್ಟು, ಗಲಾಟೆ ಆದ ಮೇಲೆ ಅದನ್ನ ತಡೆಹಿಡಿದು ದೊಡ್ಡ ಸುದ್ದಿ ಆಗಿತ್ತು. ಹೆಸರಿನ ಮುಂದೆ ಏನಿರುತ್ತೆ ಅನ್ನೋದಕ್ಕಿಂತ ದಿನಾ ಹತ್ತಾರು ಜನರ ಕಾಲು ಸೊಂಟ ಎತ್ತಿ ಇಳಿಸೋಕೆ ಇವಳ ಸೊಂಟ ತಡಿಯುತ್ತಾ ನೋಡು ಅಂದೆ, ಅಕ್ಕಂಗೆ ಸಿಟ್ಟು ಬಂತು. ನಿಜ ಹೇಳ್ಬೇಕಂದ್ರೆ ಫಿಸಿಯೋ ಒಳ್ಳೇ ಡಿಗ್ರಿ, ಸ್ವಂತ ಕ್ಲಿನಿಕ್ ಇಡೋ ದಾರಿ ಇದೆ, ಮನೆಗೆ ಹೋಗಿ ಟ್ರೀಟ್‌ಮೆಂಟ್ ಕೊಡಬಹುದು, ಅದೇ ಪೇಷಂಟ್ ವಾರಗಟ್ಟಲೆ ಬರ್ತಾರೆ, ವಾಸಿ ಆಗಿ ನಡ್ಕೊಂಡು ಹೋಗ್ತಾರೆ, ನಮ್ಮ ಹಾಗಲ್ಲ. ಇಷ್ಟು ದಿನ ನಾಲ್ಕೂವರೆ ವರ್ಷ ಇತ್ತು, ಈಗ ಹೊಸ ರಾಷ್ಟ್ರೀಯ ಸಿಲಬಸ್ ಪ್ರಕಾರ ಇಂಟರ್ನ್‌ಶಿಪ್ ಸೇರಿ 5 ವರ್ಷ, ನಮ್ಮಂಥ ಬಿಎಸ್ಸಿಗಳು 3 ವರ್ಷ ಪಾಠ 1 ವರ್ಷ ಇಂಟರ್ನ್‌ಶಿಪ್ ಅಂತ ನಡ್ಕೊಂಡು ಬಂದಿರೋದು. ಒಂದು ವರ್ಷದ ಫೀಸು, ಹಾಸ್ಟೆಲ್ಲು, ಭಾವನ ಮುಖ ನೋಡಿದೆ, ಅವರು ಪೇಪರ್ ಓದ್ತಾ ಇದ್ದ ಹಾಗೆ ಮಾಡಿದ್ರು.

ನಾನು ಆಸೆಯಿಂದ ಹೇಳಿದ್ದು ಸ್ಪೀಚ್ ಅಂಡ್ ಹಿಯರಿಂಗ್ ಬಗ್ಗೆ. ಮೈಸೂರಿನ ಮಾನಸಗಂಗೋತ್ರೀಲಿ 1965ರಿಂದ ಇಂಥ ಸಂಸ್ಥೆ ಇದೆ, ಇಡೀ ದೇಶದಿಂದ ಹುಡುಗ್ರು ಬಂದು ಓದ್ತಾರೆ, ಅರಸೀಕೆರೆಯಿಂದ ನೇರ ಟ್ರೇನ್ ಇದೆ, ಆದ್ರೆ ನಮ್ಮ ಜನಕ್ಕೆ ಅದು ಕಿವಿ ಟೆಸ್ಟ್ ಮಾಡೋ ಜಾಗ ಅಂತ ಮಾತ್ರ ಗೊತ್ತು. ಅದಕ್ಕೆ ಎಂಟ್ರೆನ್ಸ್ ಬೇರೆ, ರಿಜಿಸ್ಟ್ರೇಷನ್ ಕೂಡ ಬೇರೆ, ಪುನರ್ವಸತಿ ಮಂಡಳಿ ಅಂದ್ರೆ ಆರ್‌ಸಿಐ ಹತ್ರ. ಈ ಕೆಲಸದಲ್ಲಿ ನಂಗೆ ಇಷ್ಟ ಆಗೋದು ಏನಂದ್ರೆ ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿ ಓದಿದ್ರೂ ಟ್ರೀಟ್‌ಮೆಂಟ್ ಕೊಡೋದು ಪೇಷಂಟ್‌ನ ಭಾಷೇಲೇ. "ರೈಲು" ಅನ್ನೋಕೆ "ಲೈಲು" ಅನ್ನೋ ಮಗುಗೆ, ಸ್ಟ್ರೋಕ್ ಆಗಿ ಹೆಂಡ್ತಿ ಹೆಸರು ಬಾಯಿಗೆ ಬರದೆ ಕಣ್ಣಲ್ಲಿ ನೀರು ಹಾಕ್ಕೊಳ್ಳೋ ಯಜಮಾನ್ರಿಗೆ ಇಂಗ್ಲಿಷ್ ತಗೊಂಡು ಏನ್ ಮಾಡ್ತೀರ, ಅಲ್ಲಿ ನಮ್ಮ ಹಾಸನದ ಕನ್ನಡನೇ ಔಷಧಿ. ಮಗು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಬರುತ್ತೆ. ಅವಳ ಕಾಲಂನಲ್ಲಿ ಮೂರು ಸಲ "ಹೌದು" ಅಂತ ನಾನೇ ಬರೆದೆ.

ಅವಳು ಸುಮ್ನೆ ಕೇಳ್ಕೊಂಡು, "ಇಮೇಜಿಂಗ್?" ಅಂದ್ಲು.

ಹತ್ತು ನಿಮಿಷದ ಪರಿಚಯ ಅಷ್ಟೇ ಅಂದೆ. ಎಕ್ಸ್‌ರೇ, ಸಿಟಿ, ಎಂಆರ್‌ಐ, ಮಲಗಿಸ್ಬೇಕು, ಸರಿಯಾಗಿ ಪೊಸಿಷನ್ ಮಾಡ್ಬೇಕು, ಉಸಿರು ಬಿಗಿ ಹಿಡೀರಿ ಅನ್ಬೇಕು, ಕಳಿಸ್ಬೇಕು. ರಿಪೋರ್ಟ್ ಬರೆಯೋದು ಡಾಕ್ಟರ್. ಫಾರಿನ್‌ನಲ್ಲಿ ಅಲ್ಟ್ರಾಸೌಂಡ್ ಮಾಡೋಕೆ ಟೆಕ್ನಿಷಿಯನ್‌ಗಳೇ ಇರ್ತಾರೆ, ಇಲ್ಲಿ ಹೊಟ್ಟೆ ಮೇಲೆ ಆಡಿಸೋ ಆ ಪ್ರೋಬ್ ಹಿಡಿಯೋದು ಡಾಕ್ಟರೇ, ಭ್ರೂಣ ಲಿಂಗ ಪತ್ತೆ ತಡೆಯೋಕೆ 1994ರಲ್ಲಿ ಬಂದ ಕಾನೂನು ಅಷ್ಟು ಬಿಗಿ ಇದೆ, ಸ್ಕ್ಯಾನಿಂಗ್ ಮಾಡ್ತೀನಿ ಅಂದ್ಕೊಂಡು ಸೇರ್ಬೇಡ. ಮತ್ತೆ ಎಂಆರ್‌ಐ ಮ್ಯಾಗ್ನೆಟ್ ರೂಮಲ್ಲಿ ಪೇಷಂಟ್ ಇರ್ಲಿ ಇಲ್ದಿರ್ಲಿ ಯಾವಾಗಲೂ ಆನ್, ಯಾರೋ ಆಕ್ಸಿಜನ್ ಸಿಲಿಂಡರ್ ತಳ್ಕೊಂಡು ಒಳಗೆ ಬಂದ್ರೆ ಮುಗೀತು, ಬಾಗಿಲು ಕಾಯೋ ಗೂರ್ಖನ ಕೆಲಸನೂ ನಿಂದೇ.

ಇದಾದ ಮೇಲೆ ಅವಳು ಕೇಳದೇ ಇದ್ದದ್ದನ್ನೂ ಹೇಳಿದೆ, ಇದನ್ನ ಓದ್ತಿರೋ ಬೇರೆ ಅಪ್ಪ ಅಮ್ಮಂದಿರೂ ಕೇಳಿಸ್ಕೊಳ್ಳಿ. ಕೋರ್ಸ್‌ಗಿಂತ ಮುಂಚೆ ಆಸ್ಪತ್ರೆ ನೋಡಿ. ನಾನು ಓದಿದ ಕಾಲೇಜಿಗೆ ಸ್ವಂತ ಆಸ್ಪತ್ರೆನೇ ಇರ್ಲಿಲ್ಲ, ಒಂದು ಬಿಲ್ಡಿಂಗ್‌ನ ಮೂರನೇ ಫ್ಲೋರು, ಕೆಳಗೆ ಬೇಕರಿ. ಪೋಸ್ಟಿಂಗ್‌ಗೆ ಅಂತ ಎರಡು ಬಸ್ ಬದಲಾಯಿಸ್ಕೊಂಡು ಬೇರೆ ಆಸ್ಪತ್ರೆಗೆ ಹೋಗ್ತಿದ್ವಿ, 4 ಮೆಷಿನ್ ಸುತ್ತ 18 ಜನ ಸ್ಟೂಡೆಂಟ್ಸ್ ನಿಂತ್ಕೊಂಡು ನೋಡೋದು, ಸೂಜಿ ಮುಟ್ಟಿದ್ದು ಇಂಟರ್ನ್‌ಶಿಪ್‌ನಲ್ಲೇ. ಅಡ್ಮಿಷನ್ ಟೈಮಲ್ಲಿ ಕೇಳಬೇಕಿದ್ದ ಪ್ರಶ್ನೆ ಇದು, ಎಷ್ಟು ಬೆಡ್ಡು, ಎಷ್ಟು ಮೆಷಿನ್ನು, ಒಂದು ಬ್ಯಾಚ್‌ಗೆ ಎಷ್ಟು ಹುಡುಗ್ರು, ಸ್ಟೈಪೆಂಡ್ ಕೊಡ್ತಾರಾ. ಜಯನಗರದ ರಾಜೀವ್ ಗಾಂಧಿ ಯೂನಿವರ್ಸಿಟಿ ಹೆಸರು ಸರ್ಟಿಫಿಕೇಟ್ ಮೇಲೆ ಎಲ್ಲಾ ಕಾಲೇಜಿನೋರಿಗೂ ಒಂದೇ ಥರ ಇರುತ್ತೆ, ಕೈ ಮಾತ್ರ ಒಂದೇ ಥರ ಇರಲ್ಲ.

ಇನ್ನೊಂದು, ಅಕ್ಕ ಹೇಳಿದ "ಪ್ಯಾರಾಮೆಡಿಕಲ್" ಅನ್ನೋ ಪದದೊಳಗೆ ಡಿಪ್ಲೊಮಾನೂ ಸೇರ್ಕೊಂಡಿದೆ. ಪಿಯುಸಿ ಸೈನ್ಸ್ ಆದ ಮೇಲೆ ಡಿಪ್ಲೊಮಾ ಬೇಗ ಮುಗಿಯುತ್ತೆ, ವಾರ್ಡ್‌ನಲ್ಲಿ ಮೊದಮೊದಲು ಅವರಿಗೂ ನಮಗೂ ಅದೇ ಕೆಲಸ, ಹೆಚ್ಚುಕಮ್ಮಿ ಅದೇ ಸಂಬಳ. ನಂಗೆ ಮೊದಲ ಸಂಬಳ 12 ಸಾವಿರ, ಪಕ್ಕದ ಡಿಪ್ಲೊಮಾ ಹುಡುಗನಿಗೂ 12 ಸಾವಿರ, ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. ವ್ಯತ್ಯಾಸ ಗೊತ್ತಾಗೋದು ಆಮೇಲೆ, ಎಂಎಸ್ಸಿ ಮಾಡೋಕೆ, ಪಾಠ ಹೇಳೋಕೆ, ಹೊರದೇಶಕ್ಕೆ ಅರ್ಜಿ ಹಾಕೋಕೆ. 2021ರಲ್ಲಿ ಬಂದ ಅಲೈಡ್ ಹೆಲ್ತ್ ಕಾನೂನಲ್ಲಿ ಎಷ್ಟು ಗಂಟೆ ಓದಿದ್ರೆ ಏನು ಅಂತ ಲೆಕ್ಕ ಇದೆ, ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸ್ಕೊಳ್ಳೋಕೆ ಕಮ್ಮಿ ಅಂದ್ರೆ 2000 ಗಂಟೆ, ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನೋಕೆ 3600. ಅಷ್ಟು ವರ್ಷ ನಮ್ಮನ್ನ ಯಾವ ಲೆಕ್ಕಕ್ಕೂ ಇಟ್ಕೊಳ್ಳದೆ ಇದ್ದೋರು ಈಗ ಗಂಟೆ ಲೆಕ್ಕ ಹಾಕ್ತಿದಾರೆ, ಆಗ್ಲಿ.

ಊಟ ಆಯ್ತು, ಸಂಜೆ ಟ್ರೇನ್‌ಗೆ ಸ್ಟೇಷನ್‌ವರೆಗೂ ಬಿಡೋಕೆ ಅವಳೇ ಸ್ಕೂಟಿ ತಂದ್ಲು. ಪ್ಲಾಟ್‌ಫಾರ್ಮ್‌ನಲ್ಲಿ ನಿಂತ್ಕೊಂಡು, "ಮಾಮ, ಬೇಜಾರ್ ಮಾಡ್ಕೋಬೇಡ, ನಂಗೆ ಇಮೇಜಿಂಗೇ ಇಷ್ಟ" ಅಂದ್ಲು. ಯಾಕೆ ಅಂದೆ. "ನೀನು ಹಾಕಿದ ಕಾಲಂನಿಂದಾನೇ. ನೀನು ಊಟಕ್ಕೆ ಕೂತಾಗಲೂ ಯಾರ್ದೋ ಬಿಪಿ ಡ್ರಾಪ್ ಆಯ್ತು ಅಂತ ಯೋಚ್ನೆ ಮಾಡ್ತಿರ್ತೀಯ, ಇವತ್ತೂ ಎರಡ್ಸಲ ಫೋನ್ ಮಾಡಿ ಕೇಳ್ದೆ, ನಾನು ನೋಡ್ದೆ. ನಂಗೆ ಅದೇ ಪೇಷಂಟ್ ಮತ್ತೆ ಬರೋದು ಬೇಡ. ಅವರು ಬಂದು ಹೋಗ್ಲಿ, ನಾನು ನನ್ನ ಕೆಲಸ ನೀಟಾಗಿ ಮಾಡಿ ಮನೆಗೆ ಬರ್ತೀನಿ."

ನಾನು ಆ ಕಾಲಂ ಹಾಕಿದ್ದು "ಹೌದು" ಅಂತ ಬರೆಯೋಕೆ, ಅವಳು "ಇಲ್ಲ" ಹುಡುಕೋಕೆ ಇಟ್ಕೊಂಡಿದಾಳೆ. ಒಂದು ಮಾತೂ ಬರ್ಲಿಲ್ಲ, ಟ್ರೇನ್ ಬಂತು ಹತ್ತಿದೆ.

ಕೋರ್ಸು, ಕಾಲೇಜು ಆರಿಸೋ ಆಪ್ಷನ್ ಎಂಟ್ರಿಗೆ ಇನ್ನೂ ಟೈಮ್ ಇದೆ, ಅದಕ್ಕೆ ಮುಂಚೆ ಎರಡು ದಿನ ನನ್ನ ಫ್ರೆಂಡ್ ಇರೋ ಆಸ್ಪತ್ರೆಗೆ ಬಂದು ನೋಡು ಅಂತ ಹೇಳಿದೀನಿ. ನಿನ್ನೆ ರಾತ್ರಿ ಮತ್ತೆ ಅಕ್ಕನ ಫೋನು. ಭಾವ "ರೇಡಿಯೇಷನ್ ಇರೋ ಕೆಲಸಕ್ಕೆ ಹೆಣ್ಣುಮಗಳನ್ನ ಕಳಿಸಲ್ಲ, ನಾಳೆ ಮದುವೆ ಮಾಡ್ಬೇಕು" ಅಂತ ಹಠ ಹಿಡಿದು ಕೂತಿದಾರಂತೆ. ಎಂಆರ್‌ಐನಲ್ಲಿ ಆ ರೇಡಿಯೇಷನ್ನೇ ಇಲ್ಲ, ಎಕ್ಸ್‌ರೇ ಟ್ಯೂಬ್ ಆಫ್ ಮಾಡಿದ ಮೇಲೆ ರೂಮಲ್ಲಿ ಏನೂ ಉಳಿದಿರಲ್ಲ, ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಹಾಕಿಸಿ ಮೂರು ತಿಂಗಳಿಗೊಮ್ಮೆ ಎಷ್ಟು ಬಿತ್ತು ಅಂತ ಅಳೀತಾರೆ, ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಅಂತ ಮಿತಿ ಇದೆ, ಇದೆಲ್ಲ ಅವರಿಗೆ ಕೂರಿಸ್ಕೊಂಡು ಹೇಳ್ಬೇಕಂತೆ. ಅದೂ ನಾನೇ ಹೇಳ್ಬೇಕಂತೆ. ಈ ಭಾನುವಾರನೂ ಅರಸೀಕೆರೆ ಟ್ರೇನೇ.