ಇಗರ್ಜಿಯ ಅಂಗಳದ ಕನ್ನಡ ಶಾಲೆ

ದಕ್ಷಿಣ ಕನ್ನಡದ ಹಳೆಯ ಇಗರ್ಜಿಗಳ, ಅಂದರೆ ಚರ್ಚುಗಳ, ಮಗ್ಗುಲಲ್ಲಿ ಮುರಕಲ್ಲಿನ ಗೋಡೆ, ಹಂಚಿನ ಮಾಡು ಮತ್ತು ಉದ್ದನೆಯ ಜಗಲಿ ಇರುವ ಒಂದು ಶಾಲೆ ಬಹುಮಟ್ಟಿಗೆ ಇದ್ದೇ ಇರುತ್ತದೆ. ನಾಮಫಲಕದಲ್ಲಿ ಒಬ್ಬ ಸಂತರ ಹೆಸರು, ಅದರ ಕೆಳಗೆ ‘ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ’ ಎಂಬ ಸಾಲು. ಇಗರ್ಜಿಯ ಮುಖ್ಯ ಪಾದ್ರಿಯಾದ ವಿಗಾರರೇ ಶಾಲೆಯ ಸಂಚಾಲಕರು. ಬಂಟ್ವಾಳ ತಾಲ್ಲೂಕಿನ ಅಂಥದೊಂದು ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದೆ. ಈಗ ಅದೇ ಇಗರ್ಜಿಯ ಪಾಲನಾ ಮಂಡಳಿಯ ಸದಸ್ಯನಾಗಿ ಅದರ ಲೆಕ್ಕಪುಸ್ತಕವನ್ನು ನೋಡುವ ಅವಕಾಶವೂ ಒದಗಿದೆ. ಕಥೊಲಿಕ ಶಾಲೆಯ ವಿಶ್ವಾಸ ಯಾವುದರಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸಬೇಕೆಂದಿರುವುದು ಆ ಲೆಕ್ಕಪುಸ್ತಕವನ್ನೇ. ಆದರೆ ಅಲ್ಲಿಗೆ ಬರುವ ಮೊದಲು ಹೇಳಬೇಕಾದ ಕೆಲವು ವಿಷಯಗಳಿವೆ.

ಈ ಶಾಲೆಗಳಿಗೆ ದೀರ್ಘವಾದ ಹಿನ್ನೆಲೆಯಿದೆ. ಬ್ರಿಟಿಷರ ಕಾಲದ ಶಿಕ್ಷಣನೀತಿಯನ್ನು ರೂಪಿಸಿದ 1854ರ ವುಡ್ ವರದಿಯ ಬಳಿಕ ಖಾಸಗಿಯವರು ನಡೆಸುವ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯುವ ಪದ್ಧತಿ ಬಂದಾಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು, 1956ರ ನವೆಂಬರ್ ಒಂದರವರೆಗೂ ಅಲ್ಲಿಯೇ ಇತ್ತು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ (ಜೆಸುಯಿಟ್) ಪಾದ್ರಿಗಳು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜನ್ನು ಎಲ್ಲರೂ ನೆನೆಯುತ್ತಾರೆ, ಆದರೆ ಹಳ್ಳಿಯ ಮಕ್ಕಳ ಕೈಗೆ ಬಳಪ ಕೊಟ್ಟವರು ಹೆಚ್ಚಾಗಿ ಊರ ಇಗರ್ಜಿಯ ಪಾದ್ರಿಗಳು ಮತ್ತು ಅವರು ಕರೆಸಿಕೊಂಡ ಧರ್ಮಭಗಿನಿಯರು. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಎಂಬ ಧರ್ಮಗುರುಗಳು ಆರಂಭಿಸಿದ ಬೆಥನಿ ಸಂಸ್ಥೆಯಂಥವು ಹೆಣ್ಣುಮಕ್ಕಳ ಓದನ್ನೇ ಮುಖ್ಯ ಕೆಲಸವನ್ನಾಗಿ ಹಿಡಿದುಕೊಂಡವು. ಕಾಲೇಜಿನ ಚರಿತ್ರೆ ಬರೆದಿಟ್ಟಷ್ಟು ಶ್ರದ್ಧೆಯಿಂದ ಈ ಹಳ್ಳಿಶಾಲೆಗಳ ಚರಿತ್ರೆಯನ್ನು ನಾವು ಬರೆದಿಡಲಿಲ್ಲ ಎಂಬುದು ನನ್ನ ಹಳೆಯ ದೂರು.

ನಾನು ಓದುತ್ತಿದ್ದಾಗ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಮ್ಮ ಇಗರ್ಜಿಯ ಕುಟುಂಬಗಳವರೇ ಆಗಿದ್ದರು. ಈಗ ಒಂದು ತರಗತಿಯಲ್ಲಿ ಒಬ್ಬರೋ ಇಬ್ಬರೋ ಕಥೊಲಿಕ ಮಕ್ಕಳು. ಕೆಲವು ತರಗತಿಗಳಲ್ಲಿ ಅವರೂ ಇಲ್ಲ. ಉಳಿದವರು ತುಳು ಮಾತನಾಡುವ ಹಿಂದೂ ಮನೆಗಳ ಮಕ್ಕಳು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಗಳ ಮಕ್ಕಳು, ಮತ್ತು ಕಲ್ಲಿನ ಕ್ವಾರಿಗೂ ಕಟ್ಟಡದ ಕೆಲಸಕ್ಕೂ ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರರ ಮಕ್ಕಳು. ನಮ್ಮ ಮಕ್ಕಳು ಹಳದಿ ಬಸ್ಸು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ, ಮತ್ತು ಆ ಶಾಲೆಗಳಲ್ಲಿಯೂ ಹಲವನ್ನು ನಡೆಸುವುದು ಧರ್ಮಸಭೆಯ ಸಂಸ್ಥೆಗಳೇ. ಇದರಲ್ಲಿ ಯಾರನ್ನೂ ದೂಷಿಸಿ ಫಲವಿಲ್ಲ. ಗಲ್ಫಿನಲ್ಲಿ ದುಡಿದು ಹಣ ಕಳುಹಿಸುವ ತಂದೆ ತನ್ನ ಮಗುವಿಗೆ ಇಂಗ್ಲಿಷ್ ಬೇಕೆಂದು ಬಯಸುವುದು ಸಹಜ. ಆದರೂ ಒಂದೇ ಕೈ ಒಂದು ಶಾಲೆಯನ್ನು ಬೆಳೆಸುತ್ತ ಇನ್ನೊಂದನ್ನು ಬರಿದು ಮಾಡುತ್ತಿರುವಾಗ, ಕನ್ನಡ ಶಾಲೆ ಮುಚ್ಚುವುದು ಕಾಲದ ಮಹಿಮೆ ಎಂದು ನಿಟ್ಟುಸಿರು ಬಿಡುವುದು ಪ್ರಾಮಾಣಿಕವಾದ ಮಾತಲ್ಲ.

ಹೀಗಿರುವಾಗ ಕಥೊಲಿಕರೇ ಇಲ್ಲದ ಶಾಲೆ ಕಥೊಲಿಕ ಶಾಲೆ ಹೇಗಾದೀತು ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಏಳುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಪರಲೋಕದ ತಂದೆಯನ್ನು ನೆನೆದ ಬಳಿಕ ನಾಡಗೀತೆ, ದಿನಪತ್ರಿಕೆಯ ಸುದ್ದಿ, ಒಂದು ಸುಭಾಷಿತ. ಮಕ್ಕಳು ಕೈ ಜೋಡಿಸುತ್ತಾರೋ, ಸುಮ್ಮನೆ ನಿಲ್ಲುತ್ತಾರೋ ಎಂದು ಯಾರೂ ನೋಡುವುದಿಲ್ಲ. ಸರಕಾರದ ನೆರವು ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಪಾಲಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ಸ್ಥಾಪಿಸಿ ನಡೆಸಬಹುದು ಎಂದು 30ನೆಯ ವಿಧಿ ಹೇಳುತ್ತದೆ. ನಮ್ಮಲ್ಲಿ ಈ ಎರಡರ ನಡುವೆ ಜಗಳವಾದದ್ದನ್ನು ನಾನು ಕಂಡಿಲ್ಲ. ನಮ್ಮ ಕಾಲದಲ್ಲಿ ಕಥೊಲಿಕ ಮಕ್ಕಳು ಒಂದು ಕೋಣೆಯಲ್ಲಿ ಕುಳಿತು ದೊತೊರ್ನ್, ಅಂದರೆ ಧರ್ಮಪಾಠ, ಕಲಿಯುವಾಗ ಉಳಿದವರು ಇನ್ನೊಂದು ಕೋಣೆಯಲ್ಲಿ ನೀತಿಕತೆ ಕೇಳುತ್ತಿದ್ದರು, ಮತ್ತು ಪ್ರಶ್ನೋತ್ತರ ಉರು ಹೊಡೆಯುತ್ತಿದ್ದ ನಮಗೆ ಆ ಕೋಣೆಯ ಮೇಲೆ ಬಹಳ ಅಸೂಯೆಯಿತ್ತು. ಈಗ ಧರ್ಮಶಿಕ್ಷಣವೆಲ್ಲ ಭಾನುವಾರ ಬಲಿಪೂಜೆಯ ನಂತರವೇ ನಡೆಯುತ್ತದೆ. ಅದು ಸರಿಯಾದ ವ್ಯವಸ್ಥೆ ಎಂದೇ ನನ್ನ ಅಭಿಪ್ರಾಯ.

ಶಾಲೆಗೂ ಇಗರ್ಜಿಗೂ ಇರುವ ನಂಟನ್ನು ಕಾಣಬೇಕಾದರೆ ಆಗಸ್ಟ್ ತಿಂಗಳ ಕೊನೆಗೆ ಬರಬೇಕು. ಸೆಪ್ಟೆಂಬರ್ ಎಂಟರಂದು ಬರುವ ಮರಿಯಮ್ಮನವರ ಜನ್ಮದಿನ ನಮಗೆ ಮೊಂತಿ ಫೆಸ್ತ್, ತೆನೆ ಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ನೊವೇನಾ. ಪ್ರತಿದಿನವೂ ಮಕ್ಕಳು ತಟ್ಟೆಯಲ್ಲೋ ಬುಟ್ಟಿಯಲ್ಲೋ ಹೂ ತಂದು ಬಾಲೆ ಮರಿಯಮ್ಮನವರ ಪುಟ್ಟ ಪ್ರತಿಮೆಯ ಮುಂದೆ ಅರ್ಪಿಸುತ್ತಾರೆ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ದಾಸವಾಳ, ಗೌರಿ ಹೂ, ಅಬ್ಬಲಿಗೆ, ಹೆಸರು ಗೊತ್ತಿಲ್ಲದ ಬೇಲಿಯ ಹೂ, ಎಲ್ಲವೂ ನೀರಿಳಿಯುತ್ತಲೇ ಬರುತ್ತವೆ. ಹೂ ಅರ್ಪಿಸುವುದು ಕಥೊಲಿಕ ಮಕ್ಕಳ ಕೆಲಸ ಎಂಬುದು ಲಿಖಿತವಲ್ಲದ ನಿಯಮವಾದರೂ, ಶಾಲೆಯ ಮಕ್ಕಳಿಗೆ ಆ ನಿಯಮ ತಿಳಿದಿರುವಂತೆ ಕಾಣುವುದಿಲ್ಲ. ತನ್ನ ಮನೆಯ ಹೂವನ್ನು ಗೆಳತಿಯ ಬುಟ್ಟಿಗೆ ಹಾಕಿ ಅವಳ ಜೊತೆ ಸಾಲಿನಲ್ಲಿ ನಿಲ್ಲುವ ಹುಡುಗಿಯನ್ನು ಯಾವ ಫಾದರೂ ಹೊರಗೆ ಕಳುಹಿಸಿದ್ದಿಲ್ಲ. ಹಬ್ಬದ ದಿನ ಹೂ ತಂದ ಮಕ್ಕಳಿಗೆಲ್ಲ ಕಬ್ಬು ಹಂಚುತ್ತಾರೆ. ಕಬ್ಬಿನ ಆಸೆಗೆ ಬರುವವರು ಹೆಚ್ಚು ಎಂದು ಹಿರಿಯರು ನಗುವುದುಂಟು, ಆದರೆ ನಾವೂ ಅದೇ ಆಸೆಗೆ ಹೋದವರು.

ಇನ್ನು ತೆನೆಯ ವಿಷಯ. ಆ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಇಗರ್ಜಿಯೊಳಗೆ ತಂದು, ಒಂದೊಂದು ಕುಟುಂಬಕ್ಕೂ ಕೆಲವು ತೆನೆಗಳನ್ನು ಕೊಡುತ್ತಾರೆ. ಮನೆಯಲ್ಲಿ ಅವುಗಳ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಸೇರಿಸಿ, ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಸೇವಿಸಿದ ಮೇಲೆಯೇ ಬಾಳೆಲೆಯ ಸಸ್ಯಾಹಾರದ ಊಟ. ಹೊರಗಿನಲ್ಲಿರುವ ಮಕ್ಕಳಿಗೆ ಒಣಗಿಸಿದ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ಮನೆಗಳೂ ಇವೆ. ಆದರೆ ನಮ್ಮ ಊರಿನ ಕಥೊಲಿಕರ ಗದ್ದೆಗಳು ಎಂದೋ ಅಡಿಕೆ ತೋಟಗಳಾಗಿವೆ, ಕೆಲವು ರಬ್ಬರಾಗಿವೆ. ಹಾಗಾಗಿ ತೆನೆ ಎಲ್ಲಿಂದ ತರುವುದೆಂಬ ಚಿಂತೆ ವರ್ಷವೂ ಇರುತ್ತಿತ್ತು. ಒಮ್ಮೆ ಶಾಲೆಯಲ್ಲಿ ಈ ಮಾತು ಬಂದಾಗ ಐದನೆಯ ತರಗತಿಯ ಒಬ್ಬ ಹುಡುಗ ಎದ್ದು, “ನಮ್ಮ ಗದ್ದೆಯಲ್ಲಿ ಉಂಟು ಟೀಚರ್, ಅಜ್ಜನ ಹತ್ರ ಕೇಳ್ತೇನೆ” ಎಂದನಂತೆ. ಆ ಅಜ್ಜನ ಮನೆಯಲ್ಲಿ ಹೊಸ ತೆನೆಯನ್ನು ಮನೆತುಂಬಿಸಿ ಕಂಬಕ್ಕೆ ಕಟ್ಟುವ ಕ್ರಮ ಹಿಂದಿನಿಂದಲೂ ಇದೆ. ಇಗರ್ಜಿಗೆ ಏಕೆ ತೆನೆ ಬೇಕು ಎಂದು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವರು ಕೇಳಿದ್ದು ಎಷ್ಟು ಮನೆಗಳಿಗೆ ಬೇಕಾಗುತ್ತದೆ ಎಂಬುದನ್ನು ಮಾತ್ರ. ಆ ವರ್ಷದಿಂದ ತೆನೆ ಅವರ ಗದ್ದೆಯಿಂದಲೇ ಬರುತ್ತಿದೆ, ಮತ್ತು ಬೆಳಿಗ್ಗೆ ಅದನ್ನು ಶಿಲುಬೆಯ ಕಟ್ಟೆಯ ಬಳಿಗೆ ತಂದಿಡುವ ಆ ಮನೆಯವರಿಗೆ ಇಗರ್ಜಿಯ ವಾಡೊಗಳ (ವಾರ್ಡುಗಳ) ಮುಖಂಡರಾದ ಗುರಿಕಾರರು ವಂದಿಸುವುದೂ ಹಬ್ಬದ ಒಂದು ಭಾಗವಾಗಿಬಿಟ್ಟಿದೆ. ಸರ್ವಧರ್ಮ ಸಮನ್ವಯದ ಭಾಷಣಗಳನ್ನು ನಾನು ಅನೇಕ ಕೇಳಿದ್ದೇನೆ. ಅವುಗಳಲ್ಲಿ ಎಷ್ಟು ಮನೆಗಳಿಗೆ ಎಂಬ ಪ್ರಶ್ನೆಯನ್ನು ಕೇಳಿದವರನ್ನು ಕಂಡದ್ದು ಕಡಿಮೆ.

ಆಗಸ್ಟ್ ಹದಿನೈದು ಇನ್ನೊಂದು ವಿಶೇಷ ದಿನ, ಏಕೆಂದರೆ ಸ್ವಾತಂತ್ರ್ಯದ ದಿನವೂ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಅಂದೇ ಬರುತ್ತವೆ. ಬಲಿಪೂಜೆ ಮುಗಿಸಿದ ಫಾದರ್ ಸಂಚಾಲಕರಾಗಿ ಅಂಗಳಕ್ಕೆ ಬರುತ್ತಾರೆ, ಧ್ವಜ ಏರುತ್ತದೆ, ಮಕ್ಕಳಿಗೆ ಲಾಡು ಸಿಗುತ್ತದೆ. ಡಿಸೆಂಬರಿನಲ್ಲಿ ಜಗಲಿಯ ಮೂಲೆಯಲ್ಲಿ ಕ್ರಿಸ್ಮಸ್ಸಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವವರು ಬಹುಪಾಲು ಹಿಂದೂ ಮತ್ತು ಬ್ಯಾರಿ ಮಕ್ಕಳೇ. ಹುಲ್ಲು, ಪಾಚಿ, ಕೆಮ್ಮಣ್ಣು ಎಲ್ಲಿ ಸಿಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈಗ ಲೆಕ್ಕಪುಸ್ತಕಕ್ಕೆ ಬರುತ್ತೇನೆ. ಅನುದಾನಿತ ಶಾಲೆ ಎಂದರೆ ಎಲ್ಲ ಖರ್ಚನ್ನೂ ಸರಕಾರ ನೋಡಿಕೊಳ್ಳುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಸರಕಾರದಿಂದ ಬರುವುದು ಮುಖ್ಯವಾಗಿ ಅನುಮೋದಿತ ಶಿಕ್ಷಕರ ಸಂಬಳ, ಜೊತೆಗೆ ಮಕ್ಕಳ ಬಿಸಿಯೂಟ, ಹಾಲು, ಪಠ್ಯಪುಸ್ತಕ. ಶಿಕ್ಷಕರೊಬ್ಬರು ನಿವೃತ್ತರಾದರೆ ಆ ಹುದ್ದೆಯನ್ನು ತುಂಬುವ ಅನುಮತಿ ವರ್ಷಗಟ್ಟಲೆ ಬರುವುದಿಲ್ಲ, ಮತ್ತು ಮಕ್ಕಳ ಸಂಖ್ಯೆ ಇಳಿದಿದ್ದರೆ ಬರುವ ಆಸೆಯನ್ನೇ ಬಿಡಬೇಕು. ಆಗ ಆಡಳಿತ ಮಂಡಳಿ ಗೌರವ ಶಿಕ್ಷಕಿಯರನ್ನು ನೇಮಿಸಿಕೊಳ್ಳುತ್ತದೆ. ಅವರ ಸಂಬಳ, ಮಳೆಗಾಲಕ್ಕೆ ಮೊದಲು ಹಂಚು ಬದಲಿಸುವ ಖರ್ಚು, ಶೌಚಾಲಯದ ದುರಸ್ತಿ, ಬಾವಿಯ ಪಂಪು, ಇವೆಲ್ಲವೂ ಇಗರ್ಜಿಯ ಕಾಣಿಕೆಯಿಂದ, ಹಳೆ ವಿದ್ಯಾರ್ಥಿಗಳ ಜೇಬಿನಿಂದ, ಹಬ್ಬದ ಹರಾಜಿನಿಂದ ಬರಬೇಕು. ತನ್ನ ಮಗುವನ್ನು ಬೇರೆ ಶಾಲೆಗೆ ಕಳುಹಿಸುವ ಕುಟುಂಬವೊಂದು ಭಾನುವಾರದ ಕಾಣಿಕೆಯ ಮೂಲಕ, ತಾನು ಹೆಸರು ಕೂಡ ಅರಿಯದ ಕೊಪ್ಪಳದ ಕಡೆಯ ಕೂಲಿಕಾರನ ಮಗಳಿಗೆ ಗಣಿತ ಕಲಿಸುವ ಟೀಚರಿನ ಸಂಬಳ ಕೊಡುತ್ತಿದೆ ಎಂಬ ಸಂಗತಿ ಆ ಪುಸ್ತಕದಲ್ಲಿ ಒಣ ಅಂಕಿಗಳಾಗಿ ಮಲಗಿದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ನಮ್ಮ ಇಗರ್ಜಿಗಳವರೆಗೂ ಬಂದಿರುವ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯ ಸದಸ್ಯರು ಜೂನ್ ತಿಂಗಳಲ್ಲಿ ಕೊಡೆ, ಚೀಲ, ಬರೆಯುವ ಪುಸ್ತಕ ಕೊಡುವಾಗಲೂ ಜಾತಿಧರ್ಮ ಕೇಳುವುದಿಲ್ಲ. ಮನೆ ನೋಡಿಕೊಂಡು ಬರುತ್ತಾರೆ, ಅಷ್ಟೆ. ಇದನ್ನೆಲ್ಲ ಮತಪ್ರಚಾರವೆಂದು ಶಂಕಿಸುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರಲ್ಲಿ ಕೆಲವರ ಮಕ್ಕಳೂ ನಮ್ಮಲ್ಲೇ ಓದಿದ್ದಾರೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಕನ್ನಡ ಶಾಲೆ ಖಾಲಿಯಾಗುವುದರಿಂದ ಕೊಂಕಣಿ ಪ್ರಾರ್ಥನೆಗೆ ಆಗುತ್ತಿರುವ ನಷ್ಟವನ್ನು ನಾವು ಬಹಳ ತಡವಾಗಿ ಗಮನಿಸಿದೆವು. ಮಂಗಳೂರಿನ ಕಥೊಲಿಕರ ಮನೆಮಾತು ಕೊಂಕಣಿ, ಆದರೆ ನಾವು ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಧರ್ಮಪ್ರಾಂತ್ಯದ ‘ರಾಕ್ಣೊ’ ವಾರಪತ್ರಿಕೆ 1938ರಿಂದ ಇದೇ ಲಿಪಿಯಲ್ಲಿ ಬರುತ್ತಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಪೂಜೆ ನಮ್ಮ ಭಾಷೆಗೆ ಬಂದಾಗ ಜನರ ಕೈಗೆ ಬಂದ ಪ್ರಾರ್ಥನಾ ಪುಸ್ತಕಗಳೂ ಗೀತೆಗಳೂ ಇದೇ ಲಿಪಿಯವು. ಅಂದರೆ ಊರಿನ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದ ಮಗು ಬೇರೆ ಯಾವ ಪಾಠವೂ ಇಲ್ಲದೆ ಇಗರ್ಜಿಯಲ್ಲಿ ಪೂಜೆಯ ಬೈಬಲ್ ವಾಚನ ಓದುತ್ತಿತ್ತು. ನಾನು ನಾಲ್ಕನೆಯ ತರಗತಿಯಲ್ಲಿ ಹಾಗೆ ಓದಿದವನು. ಇಂದು ಇಂಗ್ಲಿಷ್ ಮಾಧ್ಯಮದ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಒಂದು ಪರೀಕ್ಷೆಯ ವಿಷಯ ಮಾತ್ರ. ಅವರು ಕೊಂಕಣಿ ವಾಚನವನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡು ಬಂದು ತಡವರಿಸುತ್ತಾರೆ. ಅದೇ ಇಗರ್ಜಿಯ ಗೋಡೆಯಾಚೆ, ಎಂದೂ ಆ ವಾಚನ ಓದದಿರುವ ಮಕ್ಕಳು ಕನ್ನಡವನ್ನು ಸರಾಗವಾಗಿ ಓದುತ್ತಿರುತ್ತಾರೆ.

ಈ ವರ್ಷ ಪಾಲನಾ ಮಂಡಳಿಯ ಮುಂದೆ ಎರಡು ಸಲಹೆಗಳಿವೆ. ಶಾಲೆಯನ್ನು ಮುಚ್ಚಿ ಕಟ್ಟಡವನ್ನು ಸಭಾಭವನವನ್ನಾಗಿ ಮಾಡಿದರೆ ಮದುವೆಗಳಿಂದ ಆದಾಯ ಬರುತ್ತದೆ ಎನ್ನುವುದು ಒಂದು. ಎಲ್‌ಕೆಜಿ, ಯುಕೆಜಿ ಆರಂಭಿಸಿ, ಒಂದನೆಯ ತರಗತಿಯಿಂದಲೇ ಒಬ್ಬ ಒಳ್ಳೆಯ ಇಂಗ್ಲಿಷ್ ಟೀಚರನ್ನು ನೇಮಿಸಿ, ಕನ್ನಡ ಮಾಧ್ಯಮವನ್ನೇ ಉಳಿಸಿಕೊಳ್ಳೋಣ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಹಣ ಸಾಲದು ಎನ್ನುವವರ ಲೆಕ್ಕ ತಪ್ಪಲ್ಲ. ಮೊದಲ ಮೂರು ನಾಲ್ಕು ವರ್ಷ ಸಾಲುವುದಿಲ್ಲ. ಆದರೂ ನಾನು ಎರಡನೆಯದರ ಪರ. ಅದಕ್ಕೆ ನಾನು ಸೇರಿಸಿರುವ ತಿದ್ದುಪಡಿ ಇಷ್ಟು: ಭಾನುವಾರದ ಧರ್ಮಶಿಕ್ಷಣದ ಅವಧಿಯಲ್ಲಿ ಅರ್ಧ ಗಂಟೆಯನ್ನು ಕನ್ನಡ ಲಿಪಿಯ ಓದಿಗೆ ಮೀಸಲಿಡಬೇಕು, ಅದನ್ನು ಶಾಲೆಯ ಗೌರವ ಶಿಕ್ಷಕಿಯರೇ ಕಲಿಸಬೇಕು, ಮತ್ತು ಅದಕ್ಕಾಗಿ ಅವರಿಗೆ ಪ್ರತ್ಯೇಕ ಸಂಭಾವನೆಯನ್ನು ಇಂಗ್ಲಿಷ್ ಮಾಧ್ಯಮಕ್ಕೆ ಮಕ್ಕಳನ್ನು ಕಳುಹಿಸುವ ನಮ್ಮಂಥ ಕುಟುಂಬಗಳೇ ಕೊಡಬೇಕು. ಹೌದು, ನನ್ನ ಮಗಳೂ ಹಳದಿ ಬಸ್ಸಿನಲ್ಲೇ ಹೋಗುತ್ತಾಳೆ. ಮುಂದಿನ ಸಭೆ ಈಸ್ಟರ್ ಕಳೆದ ಮೇಲೆ. ಅಷ್ಟರೊಳಗೆ ಎಲ್‌ಕೆಜಿಗೆ ಸೇರುವ ವಯಸ್ಸಿನ ಮಕ್ಕಳು ಊರಿನಲ್ಲಿ ಎಷ್ಟಿದ್ದಾರೆಂದು, ವಾಡೊ ವಾಡೊ ತಿರುಗಿ, ಎಲ್ಲ ಧರ್ಮದವರ ಮನೆಗಳಲ್ಲೂ ಕೇಳಿಕೊಂಡು ಬರುವ ಕೆಲಸವನ್ನು ಗುರಿಕಾರರಿಗೆ ವಹಿಸಲಾಗಿದೆ.