ಬ್ರಿಡ್ಜ್ ಲೋನ್ ಫಂಡ್: ಮೊದಲು ಲೋನ್ ಟೇಪ್ ಕೇಳಿ

ಹೂಡಿಕೆದಾರರ ಹಣ ಸೇರಿಸಿ, ಕಟ್ಟಡಗಳ ಅಡಮಾನದ ಮೇಲೆ ಅಲ್ಪಾವಧಿ ಸಾಲ ಕೊಡುವುದು ಬ್ರಿಡ್ಜ್ ಲೋನ್ ಫಂಡ್‌ಗಳ ಕೆಲಸ. ಅವುಗಳ ಕರಪತ್ರದಲ್ಲಿ ಎರಡು ಮಾತು ದಪ್ಪಕ್ಷರದಲ್ಲಿರುತ್ತವೆ: ವರ್ಷಕ್ಕೆ ಇಷ್ಟು ಆದಾಯ, ಇದುವರೆಗೆ ನಷ್ಟವೇ ಇಲ್ಲ. ಎರಡನ್ನೂ ಪಕ್ಕಕ್ಕಿಟ್ಟು ಲೋನ್ ಟೇಪ್ ಕೇಳಿ. ಪ್ರತಿ ಸಾಲದ ಮೊತ್ತ, ಬಡ್ಡಿ, ಮೂಲ ವಾಯಿದೆ, ಈಗಿನ ವಾಯಿದೆ, ಕೊನೆಯ ಬಾರಿ ಬಡ್ಡಿ ಬಂದ ದಿನ ಎಲ್ಲವೂ ಇರುವ ಪಟ್ಟಿ ಅದು. ಸಾಲಗಾರರ ಹೆಸರು ಮುಚ್ಚಿದ್ದರೂ ಸರಿ, ಒಬ್ಬನೇ ಎಷ್ಟು ಸಾಲ ಎತ್ತಿದ್ದಾನೆಂದು ತಿಳಿಯುವಂತಿರಬೇಕು. ಕೊಡುವುದಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು.

ಪಟ್ಟಿಯಲ್ಲಿ ಎರಡೂ ವಾಯಿದೆಗಳನ್ನು ಹೋಲಿಸಿ. 12 ತಿಂಗಳ ಸಾಲ ಇನ್ನೊಂದು 6 ತಿಂಗಳು ಎಳೆಯುವುದು ಮಾಮೂಲು. ಪರವಾನಗಿ, ದುರಸ್ತಿ ತಡವಾಗುತ್ತಲೇ ಇರುತ್ತವೆ. ಮೂರನೇ ಸಲ ಮುಂದೂಡಿ, ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿದ್ದರೆ ಮಾತ್ರ ಹುಷಾರು. ವಸೂಲಾಗದ ಸಾಲವನ್ನು ಹೀಗೆ ತಳ್ಳುತ್ತಾ ಹೋದರೂ ‘ನಷ್ಟವೇ ಇಲ್ಲ’ ಎಂದು ಬರೆದುಕೊಳ್ಳಬಹುದು.

ಆಮೇಲೆ ಎಲ್‌ಟಿವಿ, ಅಂದರೆ ಆಸ್ತಿಯ ಬೆಲೆಯಲ್ಲಿ ಸಾಲ ಶೇಕಡಾ ಎಷ್ಟು ಎಂಬ ಲೆಕ್ಕ. ಯಾವ ಬೆಲೆಗೆ ಎಂದು ಕೇಳದೆ ಆ ಅಂಕಿಗೆ ಅರ್ಥವಿಲ್ಲ. ಕಟ್ಟಡದ ಇಂದಿನ ಬೆಲೆ 100, ದುರಸ್ತಿಯಾದ ಮೇಲೆ 150, ಕೈಗೆ ಕೊಟ್ಟ ಸಾಲ 90 ಎಂದಿಟ್ಟುಕೊಳ್ಳಿ. ಕರಪತ್ರದಲ್ಲಿ 150ರ ಲೆಕ್ಕದಲ್ಲಿ ಎಲ್‌ಟಿವಿ ಶೇ 60. ಇಂದಿನ ಬೆಲೆಗೆ ಶೇ 90. ಕೆಲಸ ಅರ್ಧಕ್ಕೆ ನಿಂತು, ಹರಾಜಿನಲ್ಲಿ 80 ಬಂದು, ಅದರಲ್ಲಿ ವಕೀಲರ ಶುಲ್ಕ, ತೆರಿಗೆಗೆ 8 ಹೋದರೆ ಫಂಡ್‌ಗೆ ಉಳಿಯುವುದು 72. ಅಸಲಿನಲ್ಲೇ 18 ಖೋತಾ. ಅದೂ ಮೊದಲ ಅಡಮಾನವಾಗಿದ್ದರೆ. ಎರಡನೆಯದಾದರೆ ಮೊದಲಿನವನ ಬಾಕಿ ತೀರಿದ ಮೇಲೆ ಉಳಿದದ್ದಷ್ಟೇ.

ಫಂಡ್ ತಾನೇ ಬ್ಯಾಂಕಿನಿಂದ ಸಾಲ ಎತ್ತಿದೆಯೇ ಎಂಬುದನ್ನು ಅನೇಕರು ಕೇಳುವುದೇ ಇಲ್ಲ. ಹೂಡಿಕೆದಾರರ 60ಕ್ಕೆ ಬ್ಯಾಂಕಿನ 40 ಸೇರಿಸಿ 100 ಸಾಲ ಕೊಟ್ಟಿದ್ದರೆ, 12 ಮುಳುಗಿದಾಗ ನಿಮ್ಮ ಪಾಲಿನ ಪೆಟ್ಟು ಶೇ 12 ಅಲ್ಲ, ಶೇ 20. ಬ್ಯಾಂಕ್ ತನ್ನದನ್ನು ಮೊದಲು ತೆಗೆದುಕೊಳ್ಳುತ್ತದೆ.

ಲೆಕ್ಕಪರಿಶೋಧಿತ ವರದಿಯಲ್ಲಿ ಲಾಭ-ನಷ್ಟದ ಪುಟಕ್ಕಿಂತ ನಗದು ಹರಿವಿನ ಪುಟ ಮುಖ್ಯ. ನಗದಾಗಿ ಬಂದ ಬಡ್ಡಿ ಎಷ್ಟು, ಹಂಚಿದ್ದು ಎಷ್ಟು? ಬಂದದ್ದು 7, ಹಂಚಿದ್ದು 10 ಎಂದಾದರೆ ಉಳಿದ 3 ಎಲ್ಲಿಂದ ಬಂತೆಂದು ಕೇಳಿ. ಅದು ಹೊಸ ಹೂಡಿಕೆದಾರರ ದುಡ್ಡೋ ಬ್ಯಾಂಕ್ ಸಾಲವೋ ಆಗಿರಬಹುದು. ಸಾಲ ಕೊಡುವಾಗ ಹಿಡಿದಿಟ್ಟ ಬಡ್ಡಿ ಮೀಸಲಿನಿಂದಲೂ ಬಂದಿರಬಹುದು. ಅದು ಮೋಸವಲ್ಲ, ಆದರೆ ಅಲ್ಲಿ ಸಾಲಗಾರ ಇನ್ನೂ ತನ್ನ ಜೇಬಿನಿಂದ ಒಂದು ಕಾಸೂ ಕಟ್ಟಿಲ್ಲ.

ಶುಲ್ಕದ ವಿಷಯ ಚಿಕ್ಕದು: ಸಾಲ ಕೊಡುವಾಗಿನ ಪಾಯಿಂಟ್‌ಗಳು (ಸಾಲದ ಮೊತ್ತದ ಶೇಕಡಾವಾರು ಮುಂಗಡ ಶುಲ್ಕ) ಮತ್ತು ವಾಯಿದೆ ವಿಸ್ತರಣೆಯ ಶುಲ್ಕ ಮ್ಯಾನೇಜರ್‌ಗೆ ಹೋಗುತ್ತವೋ ಫಂಡ್‌ಗೋ ನೋಡಿ. ಮ್ಯಾನೇಜರ್‌ಗಾದರೆ ಮುಂದೂಡಿದಷ್ಟೂ ಅವನಿಗೇ ಲಾಭ. ಹಣ ವಾಪಸಾತಿಗೆ ತಡೆ ಹಾಕುವ ಅಧಿಕಾರ ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತದೆ, ಹಾಗಾಗಿ ‘90 ದಿನದಲ್ಲಿ ವಾಪಸ್’ ಎಂಬುದನ್ನು ನಂಬಿ ಮನೆಖರ್ಚಿನ ದುಡ್ಡು ಇಡಬೇಡಿ.

ಕೊನೆಗೆ, ಪಟ್ಟಿಯಿಂದ ಮೂರು ಸಾಲಗಳನ್ನು ನೀವೇ ಆರಿಸಿ. ಮ್ಯಾನೇಜರ್ ಆರಿಸಿದ್ದು ಬೇಡ. ನೋಂದಾಯಿತ ಅಡಮಾನ ಪತ್ರ, ಮೌಲ್ಯಮಾಪನ ವರದಿ, ವಿಮಾ ಪಾಲಿಸಿ ತರಿಸಿಕೊಳ್ಳಿ. ವರದಿ ಮಾಡಿಸಿದ್ದು ಸಾಲಗಾರನೋ ಫಂಡೋ, ವಿಮೆಯ ಹಣ ಪಡೆಯುವವರಲ್ಲಿ ಫಂಡ್ ಹೆಸರಿದೆಯೋ, ಪಾಲಿಸಿಯ ಅವಧಿ ಮುಗಿದಿದೆಯೋ ನೋಡಿ. ಮುಂದೂಡಿದ ಸಾಲಗಳಲ್ಲಿ ವಿಮೆ ನವೀಕರಿಸುವುದನ್ನು ಮರೆಯುವುದು ಸುಲಭ.